ಸರಿಪಡಿಸುವ ಮೊದಲಿನ ರೀಡಿಂಗ್

ಆ ಇಮೇಲ್ ಬಂದದ್ದು ಒಂದು ಭಾನುವಾರ, ನಮ್ಮಲ್ಲಿ ವಾರ ಶುರುವಾಗುವ ದಿನ. ನಾವು ಯಾವ ವಿದೇಶಿ ಕಂಪನಿಯ ಯಂತ್ರಗಳನ್ನು ನೋಡಿಕೊಳ್ಳುತ್ತೇವೋ ಅವರು ಪ್ರತಿವರ್ಷ ಒಂದಿಷ್ಟು ಕಾಗದ ಕೇಳುತ್ತಾರೆ: ವಿಮೆಯ ಪ್ರತಿ, ಅಗ್ನಿ ಸುರಕ್ಷತೆಯ ಪ್ರತಿ, ಹಳೆ ಬ್ಯಾಟರಿಗಳನ್ನು ಎಲ್ಲಿಗೆ ಕೊಡುತ್ತೀರಿ ಎಂಬ ವಿವರ. ಆ ಸಲ ಹೊಸದೊಂದು ಪುಟ ಸೇರಿತ್ತು. ಒಂದೇ ಮಟ್ಟದ ಕೆಲಸ ಮಾಡುವ ಗಂಡಸರಿಗೂ ಹೆಂಗಸರಿಗೂ ನಿಮ್ಮಲ್ಲಿ ಸಂಬಳದ ಅಂತರ ಎಷ್ಟಿದೆ, ಬೇರೆ ಬೇರೆ ದೇಶದವರ ನಡುವೆ ಎಷ್ಟಿದೆ ಎಂದು ತಿಳಿಸಿ ಎಂಬುದು ಅದರ ಸಾರ.

ಮ್ಯಾನೇಜರ್ ಆ ಪುಟವನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ನೀನು ಲೆಕ್ಕ ಓದಿದವಳಲ್ವಾ. ಇದೊಂದು ತುಂಬ್ಸಿ ಕೊಡು. ಅರ್ಧ ದಿನದ ಕೆಲ್ಸ."

ನಾನು ಓದಿದ್ದು ಸಂಖ್ಯಾಶಾಸ್ತ್ರ. ಅದನ್ನು ತಿದ್ದಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮ್ಯಾನೇಜರ್ ಉಡುಪಿ ಕಡೆಯವರು, ಮನೆಮಾತು ತುಳು. ನನ್ನದೂ ತುಳುವೇ. ಆದರೂ ಕೆಲಸದ ವಿಷಯ ಬಂದರೆ ಅವರು ನನ್ನೊಡನೆ ಕನ್ನಡಕ್ಕೆ ಹೊರಳುತ್ತಾರೆ, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡ ಹಾಗೆ.

ನಮ್ಮ ವರ್ಕ್‌ಶಾಪ್ ಇರುವುದು ಗಲ್ಫ್ ದೇಶವೊಂದರ ಸಬ್ಹಾನ್‌ನಲ್ಲಿ, ಒಂದು ಬಿಸ್ಕತ್ತಿನ ಫ್ಯಾಕ್ಟರಿ ಮತ್ತು ಟೈಲ್ಸ್ ಗೋದಾಮಿನ ನಡುವೆ. ಇಪ್ಪತ್ತರ ಆಸುಪಾಸಿನ ಜನ. ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಡುವ ಪಂಪ್‌ಗಳು ನಮ್ಮ ಮುಖ್ಯ ಕೆಲಸ. ಗಂಟೆಗೆ ಇಷ್ಟು ಮಿಲಿಲೀಟರ್ ಎಂದು ಹೇಳಿದರೆ ಪಂಪ್ ನಿಜವಾಗಿ ಅಷ್ಟೇ ಬಿಡುತ್ತಿದೆಯೇ ಎಂದು ಅಳೆಯುವುದು, ತಪ್ಪಿದ್ದರೆ ತಿದ್ದುವುದು, ಸರ್ಟಿಫಿಕೇಟ್ ಕೊಡುವುದು. ಆ ಸರ್ಟಿಫಿಕೇಟ್‌ಗಳನ್ನು ಸಹಿಗೆ ಹೋಗುವ ಮೊದಲು ಪರೀಕ್ಷಿಸುವವಳು ನಾನು.

ಪ್ರತಿ ಸರ್ಟಿಫಿಕೇಟ್‌ನಲ್ಲೂ ಎರಡು ಕಾಲಂಗಳಿರುತ್ತವೆ. ಯಂತ್ರ ಕೈಗೆ ಬಂದಾಗ, ಯಾವ ಸ್ಕ್ರೂವನ್ನೂ ಮುಟ್ಟುವ ಮೊದಲು ತೋರಿಸಿದ ರೀಡಿಂಗ್ ಒಂದು; ವರ್ಕ್‌ಶಾಪಿನ ಮಾತಿನಲ್ಲಿ ಅದು 'ಆ್ಯಸ್ ಫೌಂಡ್'. ತಿದ್ದಿದ ಮೇಲೆ ತೋರಿಸುವ ರೀಡಿಂಗ್ ಇನ್ನೊಂದು, ಅದು 'ಆ್ಯಸ್ ಲೆಫ್ಟ್'. ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಪಂಪ್ ತಪ್ಪು ತೋರಿಸುತ್ತಿದೆ ಎಂದು ಕಂಡ ಕೂಡಲೇ ಕೈ ಸ್ಕ್ರೂಡ್ರೈವರಿಗೆ ಹೋಗುತ್ತದೆ. ತಿದ್ದಿಬಿಟ್ಟರೆ ಮೊದಲ ರೀಡಿಂಗ್ ಹೋಯಿತು. ಅದನ್ನು ಮತ್ತೆ ತರಲಾಗುವುದಿಲ್ಲ. ಆ ಕಾಲಂ ಖಾಲಿ ಇರುವ ಸರ್ಟಿಫಿಕೇಟನ್ನು ನಾನು ವಾಪಸ್ ಕಳಿಸುತ್ತೇನೆ. ಈ ಕಾರಣಕ್ಕೆ ವರ್ಕ್‌ಶಾಪಿನಲ್ಲಿ ನನ್ನನ್ನು ಯಾರೂ ವಿಶೇಷವಾಗಿ ಇಷ್ಟಪಡುವುದಿಲ್ಲ.

ಸಂಬಳದ ಫೈಲ್ ತೆರೆದಾಗ ಮೊದಲು ಆದದ್ದು ಸಂಕೋಚ. ದಿನವೂ ಜೊತೆಗೆ ಕೂತು ಊಟ ಮಾಡುವವರು ಒಬ್ಬೊಬ್ಬರಾಗಿ ಒಂದೊಂದು ಅಂಕಿಯಾಗಿ ನಿಂತಿದ್ದರು. ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ನನ್ನವಲ್ಲ.

ಮೊದಲ ಲೆಕ್ಕಕ್ಕೆ ಸರ್ಕಾರಿ ದಾಖಲೆಯನ್ನೇ ಆಧಾರ ಮಾಡಿಕೊಂಡೆ. ಇಲ್ಲಿ ಪ್ರತಿಯೊಬ್ಬರ ವರ್ಕ್ ಪರ್ಮಿಟ್‌ನಲ್ಲೂ ಹುದ್ದೆಯ ಹೆಸರು ಇರುತ್ತದೆ. ನನ್ನ ಅಭಿಪ್ರಾಯ ಸೇರದ, ಯಾರೂ ಪ್ರಶ್ನಿಸಲಾಗದ ವರ್ಗೀಕರಣ ಅದೇ ಎಂದುಕೊಂಡು, ಒಂದೇ ಹುದ್ದೆಯವರನ್ನು ಒಂದು ಗುಂಪು ಮಾಡಿ, ಗುಂಪಿನೊಳಗೆ ಹೋಲಿಸಿದೆ. ಮಧ್ಯಾಹ್ನದೊಳಗೆ ಉತ್ತರ ಬಂತು: ಅಂತರ ಇಲ್ಲವೆಂದೇ ಹೇಳಬಹುದು. ಒಂದು ಗುಂಪಿನಲ್ಲಂತೂ ಹೆಂಗಸರ ಸಂಬಳವೇ ಹೆಚ್ಚು.

ಅಷ್ಟು ಚೆಂದದ ಉತ್ತರ ಬಂದರೆ ನನಗೆ ಅನುಮಾನ. ಸೊನ್ನೆಯ ಮೇಲೆ ಅಲ್ಲಾಡದೆ ನಿಂತ ರೀಡಿಂಗ್ ಕಂಡರೆ ಮೊದಲು ಕೇಬಲ್ ಸಿಕ್ಕಿಸಿದೆಯೇ ಎಂದು ನೋಡುವುದು ನಮ್ಮ ಅಭ್ಯಾಸ. ಹೆಂಗಸರು ಹೆಚ್ಚು ಪಡೆಯುವ ಆ ಗುಂಪನ್ನು ತೆರೆದು ನೋಡಿದೆ. ಹುದ್ದೆಯ ಹೆಸರು ಸೆಕ್ರೆಟರಿ. ಅದರಲ್ಲಿ ನಮ್ಮ ರಿಸೆಪ್ಷನಿಸ್ಟ್ ಇದ್ದಳು, ನಾನಿದ್ದೆ, ನಮ್ಮ ವ್ಯಾನ್ ಓಡಿಸುವ, ಗಡ್ಡಕ್ಕೆ ಮೆಹಂದಿ ಹಚ್ಚುವ ಪೇಶಾವರದ ಭಾಯಿ ಇದ್ದರು, ಮತ್ತು ಬಾಯಮ್ಮ ಇದ್ದರು.

ಬಾಯಮ್ಮ ಎಂದರೆ ನಮ್ಮ ಪಂಪ್ ವಿಭಾಗದ ಅತ್ಯಂತ ಹಿರಿಯ ಟೆಕ್ನಿಷಿಯನ್. ಶಿರ್ವ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು. ನಮ್ಮೂರಿನಲ್ಲಿ ಕರೆಯುವ ಹಾಗೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಅವರದು ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಕನ್ನಡ. ಡಿಪ್ಲೊಮಾ ಮುಗಿಸಿ ಬಂದು, ಇಲ್ಲಿನ ಅರ್ಧದಷ್ಟು ಟೆಕ್ನಿಷಿಯನ್‌ಗಳಿಗೆ ಕೆಲಸ ಕಲಿಸಿದವರು. ಅವರು ಸೆಕ್ರೆಟರಿ ಆಗಿದ್ದನ್ನು ಯಾರೂ ಕಂಡಿರಲಿಲ್ಲ. ಅವರ ಅಕ್ಷರವನ್ನು ಓದಬಲ್ಲವರೇ ಕಡಿಮೆ.

ನಮ್ಮ ಸರ್ಕಾರಿ ಕಾಗದಗಳ ಓಡಾಟವನ್ನೆಲ್ಲ ನೋಡಿಕೊಳ್ಳುವ ಮಂದೂಬ್ ಒಬ್ಬ ಈಜಿಪ್ಟಿನ ಮನುಷ್ಯ, ಹಿಂದಿಯನ್ನು ನಮಗಿಂತ ಸಲೀಸಾಗಿ ಮಾತಾಡುತ್ತಾರೆ. ಅವರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. ಕಂಪನಿಗೆ ಇಂತಿಷ್ಟು ಸೆಕ್ರೆಟರಿ, ಇಂತಿಷ್ಟು ಟೆಕ್ನಿಷಿಯನ್, ಇಂತಿಷ್ಟು ಡ್ರೈವರ್ ಎಂದು ಮಂಜೂರಾಗಿರುತ್ತದೆ, ಒಬ್ಬರು ಬರುವ ಹೊತ್ತಿಗೆ ಯಾವ ಕುರ್ಚಿ ಖಾಲಿ ಇದೆಯೋ ಅದರಲ್ಲಿ ಕೂರಿಸುತ್ತೇನೆ, ಆಮೇಲೆ ಅದನ್ನು ಬದಲಾಯಿಸಲು ಯಾರಿಗೆ ಪುರಸೊತ್ತು ಎಂದರು. "ಆ ಭಾಯಿಗೆ ಹೇಳಬೇಡಿ" ಎಂದು ನಕ್ಕರು, "ಸೆಕ್ರೆಟರಿಯ ಕುರ್ಚಿ ಕೇಳುತ್ತಾನೆ."

ಅಂದರೆ ನಾನು ಅಳೆದದ್ದು ಕೆಲಸವನ್ನಲ್ಲ, ಅವರವರು ಬಂದ ದಿನ ಖಾಲಿಯಿದ್ದ ಕುರ್ಚಿಯನ್ನು. ಲೆಕ್ಕ ಹಾಕಿದ್ದ ಹಾಳೆಯನ್ನು ಹರಿದು ಹಾಕಿದೆ. ಅರ್ಧ ದಿನದ ಕೆಲಸ ಅಲ್ಲಿಗೆ ಮುಗಿಯಿತು; ನಿಜವಾದ ಕೆಲಸ ಶುರುವಾಯಿತು.

ಕೆಲಸವನ್ನು ಹೋಲಿಸಬೇಕಾದರೆ ಕೆಲಸವನ್ನು ನೋಡಬೇಕು. ಮ್ಯಾನೇಜರ್ ಗೊಣಗಿಕೊಂಡೇ ಒಪ್ಪಿದರು. ಟೆಕ್ನಿಷಿಯನ್‌ಗಳ ಜೊತೆ ಒಬ್ಬೊಬ್ಬರಾಗಿ ಹೊರಟೆ. ನೋಡುವುದು ಏನೇನು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ: ಯಾವ ಯಂತ್ರಗಳನ್ನು ಒಬ್ಬರೇ ನಿಭಾಯಿಸುತ್ತಾರೆ, ಮೇಲಿನವರನ್ನು ಕೇಳದೆ ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ, ತಪ್ಪಾದರೆ ಯಾರಿಗೆ ಏನಾಗುತ್ತದೆ, ಬೇರೆಯವರಿಗೆ ಕಲಿಸುತ್ತಾರೆಯೇ, ಗ್ರಾಹಕರೊಡನೆ ಯಾರು ಮಾತಾಡುತ್ತಾರೆ. ಪ್ರತಿಯೊಂದಕ್ಕೂ ಅಂಕ. ಹೆಸರು, ದೇಶ ಬರೆಯಲಿಲ್ಲ; ಒಬ್ಬೊಬ್ಬರಿಗೂ ಒಂದು ಅಕ್ಷರ ಕೊಟ್ಟೆ. ಅಂಕ ಕೊಟ್ಟು ಮುಗಿಯುವವರೆಗೆ ಸಂಬಳದ ಫೈಲನ್ನು ತೆರೆಯುವುದಿಲ್ಲ ಎಂದು ನಿರ್ಧರಿಸಿಕೊಂಡಿದ್ದೆ. ಒಮ್ಮೆ ನೋಡಿದ್ದೆ ನಿಜ. ನೆನಪನ್ನು ಮುಚ್ಚಲಾಗದಿದ್ದರೂ ಫೈಲನ್ನಾದರೂ ಮುಚ್ಚಬಹುದು.

ಬಾಯಮ್ಮನ ಜೊತೆ ಹೋದದ್ದು ಜಾಬ್ರಿಯಾದ ಒಂದು ಕ್ಲಿನಿಕ್‌ಗೆ. ಪಂಪ್‌ನ ಕೊಳವೆಯನ್ನು ಅನಲೈಸರ್ ಎಂಬ ಅಳತೆಯ ಯಂತ್ರಕ್ಕೆ ಜೋಡಿಸಿ, ಕೊಳವೆಯೊಳಗಿನ ಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಮೇಲೆ ಕಳಿಸಿದರು. ಗುಳ್ಳೆ ಇದ್ದರೆ ಅಳತೆ ಸುಳ್ಳು ಹೇಳುತ್ತದೆ. ಆ ತಟ್ಟುವ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಅವರು ಮಾತಾಡುತ್ತಿದ್ದರು. ವರ್ಷದ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು, ರಾಜೀನಾಮೆ ಕೊಟ್ಟಾಗಿತ್ತು. ಉಡುಪಿಯಲ್ಲಿ ಬಾಡಿಗೆಗೆ ಒಂದು ಕೋಣೆ ನೋಡಿಟ್ಟಿದ್ದರು. ಅಲ್ಲಿನ ಸಣ್ಣ ನರ್ಸಿಂಗ್ ಹೋಮ್‌ಗಳ ಪಂಪ್‌ಗಳನ್ನು ಯಾರೂ ಪರೀಕ್ಷಿಸುವುದಿಲ್ಲ, ಬೆಂಗಳೂರಿಗೆ ಕಳಿಸಲು ಖರ್ಚು ಎಂದು ಹಾಗೇ ಬಳಸುತ್ತಾರೆ ಎಂಬುದು ಅವರ ತಲೆಯಲ್ಲಿ ಕೂತಿತ್ತು.

"ಅನಲೈಸರ್ ಒಂದು ಬೇಕು ನಂಗೆ. ಉಳಿದದ್ದೆಲ್ಲ ಮೇಜು, ಕುರ್ಚಿ, ಬೋರ್ಡು" ಎಂದರು. "ಸೆಟ್ಲ್‌ಮೆಂಟ್ ದುಡ್ಡಲ್ಲಿ ಬರ್ತದಾ ಇಲ್ವಾ ಅಂತ ದಿನಾ ಲೆಕ್ಕ ಹಾಕುದು. ಒಂದು ದಿನ ಬರ್ತದೆ, ಒಂದು ದಿನ ಬರುದಿಲ್ಲ."

ಕೆಲಸ ಬಿಡುವವರಿಗೆ ಕೊಡುವ ಆ ಹಣವನ್ನು ನಮ್ಮಲ್ಲಿ ಕೊನೆಯ ತಿಂಗಳ ಮೂಲ ಸಂಬಳದ ಮೇಲೆ, ದುಡಿದ ವರ್ಷಗಳಿಗೆಲ್ಲ ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಅವರು ದುಡಿದ ವರ್ಷಗಳು ಬಹಳ. ಮೂಲ ಸಂಬಳ ಸ್ವಲ್ಪ ಕಡಿಮೆಯಿದ್ದರೂ ಆ ಎಲ್ಲ ವರ್ಷಗಳು ಅದನ್ನು ಗುಣಿಸುತ್ತವೆ.

ಅದೇ ಕೆಲಸವನ್ನು ಮಾಡುವ ಜೋರ್ಡಾನಿನ ಯುವಕನೊಬ್ಬನಿದ್ದ. ಅವನ ಜೊತೆಯೂ ಹೋದೆ. ಚುರುಕಿನವನು, ಎಚ್ಚರದವನು. ಗುಳ್ಳೆಯನ್ನು ಅವನೂ ಅದೇ ಎರಡು ಬೆರಳಿನಿಂದ ತಟ್ಟುತ್ತಿದ್ದ. ಯಾರು ಕಲಿಸಿದ್ದು ಎಂದು ಕೇಳಬೇಕಾಗಿರಲಿಲ್ಲ.

ಅಂಕ ಕೊಟ್ಟು ಮುಗಿಸಿ ಸಂಬಳಗಳನ್ನು ಪಕ್ಕದಲ್ಲಿಟ್ಟಾಗ ಅಂತರ ಕಂಡಿತು. ಹುಡುಕಬೇಕಾದಷ್ಟು ಸಣ್ಣದಾಗಿರಲಿಲ್ಲ. ಒಂದೇ ಅಂಕ ಪಡೆದವರಲ್ಲಿ ಅರಬ್ ದೇಶಗಳ ಗಂಡಸರು ಮೇಲೆ, ಭಾರತದ ಗಂಡಸರು ನಡುವೆ, ಭಾರತದ ಹೆಂಗಸರು ಮತ್ತು ನೇಪಾಳದ ಗಂಡಸು ಕೆಳಗೆ. ಆದರೆ ಹೆಣ್ಣಾದ್ದರಿಂದ ಎಷ್ಟು, ಪಾಸ್‌ಪೋರ್ಟ್‌ನಿಂದ ಎಷ್ಟು ಎಂದು ಬಿಡಿಸಲು ನೋಡಿದರೆ ಆಗಲಿಲ್ಲ. ಅರಬ್ ಹೆಂಗಸು ಟೆಕ್ನಿಷಿಯನ್ ನಮ್ಮಲ್ಲಿ ಇರಲೇ ಇಲ್ಲ, ನೇಪಾಳದವನು ಒಬ್ಬನೇ. ಸಾವಿರಾರು ಜನರಿರುವ ಕಡೆ ಸೂತ್ರ ಕೆಲಸ ಮಾಡುತ್ತದೆ. ಇಪ್ಪತ್ತು ಜನರಿರುವ ಕಡೆ ಪ್ರತಿ ಅಂಕಿಗೂ ಒಂದು ಮುಖವಿರುತ್ತದೆ.

ಸೂತ್ರ ಕೈಕೊಟ್ಟ ಮೇಲೆ ನನಗೆ ಬೇರೆಯದೇ ಕುತೂಹಲ ಹುಟ್ಟಿತು. ಈ ಅಂಕಿಗಳು ಎಲ್ಲಿಂದ ಬಂದವು? ಯಾರೋ ಒಂದು ದಿನ ಕೂತು ಒಂದೊಂದನ್ನೂ ನಿರ್ಧರಿಸಿರಲೇಬೇಕಲ್ಲ. ಆ ಯಾರೋ ಪಕ್ಕದ ಕೋಣೆಯಲ್ಲೇ ಇದ್ದರು. ಹೋಗಿ ಕೇಳಿದೆ.

ಮ್ಯಾನೇಜರಿಗೆ ಪ್ರಶ್ನೆ ಖುಷಿ ಕೊಟ್ಟಿತು. ತಮ್ಮ ಪದ್ಧತಿಯ ಬಗ್ಗೆ ಅವರಿಗೆ ಹೆಮ್ಮೆ. "ನಾನು ಯಾರಿಗೂ ಹೆಚ್ಚು ಕಡಿಮೆ ಮಾಡಿದವನಲ್ಲ" ಎಂದರು. "ಎಲ್ಲರಿಗೂ ಒಂದೇ ರೂಲ್. ಊರಲ್ಲಿ ಕೊನೆಗೆ ಎಷ್ಟು ಸಿಗ್ತಿತ್ತು, ಅದ್ರ ಮೂರು ಪಟ್ಟು. ನಂಗೂ ಹಾಗೇ ಕೊಟ್ಟದ್ದು ಇಲ್ಲಿ."

ಮೂರು ಪಟ್ಟು. ಅಮ್ಮಾನಿನಲ್ಲಿ ಸಿಗುತ್ತಿದ್ದುದರ ಮೂರು ಪಟ್ಟು, ಮಂಗಳೂರಿನಲ್ಲಿ ಸಿಗುತ್ತಿದ್ದುದರ ಮೂರು ಪಟ್ಟು, ಕಾಠ್ಮಂಡುವಿನಲ್ಲಿ ಸಿಗುತ್ತಿದ್ದುದರ ಮೂರು ಪಟ್ಟು. ಊರಿನಲ್ಲಿ ಹೆಂಗಸಿಗೆ ಕಡಿಮೆ ಕೊಟ್ಟಿದ್ದರೆ ಆ ಕಡಿಮೆಯ ಮೂರು ಪಟ್ಟು. ನನ್ನ ಸಂಬಳವೂ ಹಾಗೆಯೇ ಬಂದದ್ದು ಎಂದು ಆಗ ಹೊಳೆಯಿತು. ಸಂದರ್ಶನದಲ್ಲಿ ಆ ಪ್ರಶ್ನೆಗೆ ನಾನು ಪ್ರಾಮಾಣಿಕವಾಗಿ ಉತ್ತರಿಸಿದ್ದೆ. ನನ್ನ ಕೆಲಸವನ್ನು ಇಲ್ಲಿ ಇನ್ನೊಬ್ಬರು ಮಾಡುವುದಿಲ್ಲವಾದ್ದರಿಂದ ಹೋಲಿಸಲು ಯಾರೂ ಇಲ್ಲ. ನನ್ನ ಸಾಲನ್ನು ಸೇರಿಸಿ, ಎದುರಿಗೆ ಖಾಲಿ ಬಿಟ್ಟೆ.

ಆಮೇಲಿನ ಏರಿಕೆಗಳ ಬಗ್ಗೆಯೂ ಕೇಳಿದೆ. ಭಾರತದ ಗಂಡಸರಿಗೆ ನಡುವೆ ಒಮ್ಮೆ ಹೆಚ್ಚಾದದ್ದು ಹೆಂಡತಿ ಮಕ್ಕಳನ್ನು ಕರೆಸುವಾಗ: ಕುಟುಂಬಕ್ಕೆ ವೀಸಾ ಸಿಗಲು ಪರ್ಮಿಟ್ಟಿನಲ್ಲಿ ಇಂತಿಷ್ಟು ಸಂಬಳ ಕಾಣಬೇಕು, ಪಾಪ ಎಂದು ಏರಿಸಿದ್ದರು. ಬಾಯಮ್ಮನ ಗಂಡ ಒಂದು ಹೋಟೆಲಿನಲ್ಲಿ ಕೆಲಸದಲ್ಲಿದ್ದರು, ಕುಟುಂಬದ ವೀಸಾ ಅವರ ಲೆಕ್ಕದಲ್ಲಿ ಆಗಿತ್ತು, ಹಾಗಾಗಿ ಬಾಯಮ್ಮನಿಗೆ ಆ ಏರಿಕೆಯ ಅಗತ್ಯ ಬಿದ್ದಿರಲಿಲ್ಲ. ಗಂಡಸರಿಗೆ ಮಹಬೂಲಾದಲ್ಲಿ ಕಂಪನಿಯ ಕೋಣೆ, ಬೇಡವೆಂದವರಿಗೆ ಬಾಡಿಗೆ ಭತ್ಯೆ. ಬಾಯಮ್ಮನಿಗೆ ಎರಡೂ ಇಲ್ಲ. "ಗಂಡನ ಮನೆ ಉಂಟಲ್ಲ ಅವರಿಗೆ" ಎಂದರು ಮ್ಯಾನೇಜರ್.

ಪ್ರತಿಯೊಂದಕ್ಕೂ ಒಂದು ಕಾರಣವಿತ್ತು, ಯಾವ ಕಾರಣದಲ್ಲೂ ಕೆಟ್ಟತನವಿರಲಿಲ್ಲ. ಆದರೆ ಎಲ್ಲ ಕಾರಣಗಳೂ ಒಂದೇ ಕಡೆಗೆ ವಾಲಿದ್ದವು. ಪಂಪ್‌ನ ರೀಡಿಂಗ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತಿದ್ದರೆ ನಾವು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಪ್ರತಿಸಲವೂ ಒಂದೇ ಕಡೆಗೆ ಹೋದರೆ ಒಳಗೆ ಏನೋ ಬಾಗಿದೆ ಎಂದರ್ಥ. ಹೀಗೆಂದು ಮ್ಯಾನೇಜರಿಗೆ ಹೇಳಿ, ಅಂಕ ಮತ್ತು ಸಂಬಳಗಳನ್ನು ಪಕ್ಕಪಕ್ಕ ಬರೆದ ಹಾಳೆಯನ್ನು ಮುಂದಿಟ್ಟೆ.

ಅವರು ಬಹಳ ಹೊತ್ತು ನೋಡಿದರು. ಪಂಪ್ ತೆರೆದು ಬೆಳೆದ ಮನುಷ್ಯ. ಆ ಹಾಳೆ ಏನು ಹೇಳುತ್ತಿದೆ ಎಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಆಮೇಲೆ ವಿದೇಶಿ ಕಂಪನಿಯ ಪುಟವನ್ನು ತಿರುಗಿಸಿ ಅಡಿಯಲ್ಲಿದ್ದ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. ಒಂದು ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಯಾರದೆಂದು ಗುರುತು ಸಿಗುವ ಅಪಾಯವಿರುವುದರಿಂದ ಅಂಕಿ ಕೊಡಬೇಕಾಗಿಲ್ಲ. ನಮ್ಮ ಯಾವ ಗುಂಪಿನಲ್ಲೂ ಹತ್ತು ಜನರಿರಲಿಲ್ಲ.

"ಖಲಾಸ್" ಎಂದರು. "ಖಾಲಿ ಬಿಟ್ಟು ಕಳ್ಸು. ಅವರದ್ದೇ ರೂಲ್."

ನಿಯಮದ ಪ್ರಕಾರ ಅವರು ಸರಿ. ಅದು ಒಳ್ಳೆಯ ನಿಯಮ ಕೂಡ. ನನ್ನ ಸಂಬಳ ನಾಲ್ಕು ಜನಕ್ಕೆ ಗೊತ್ತಾಗುವುದು ನನಗೂ ಬೇಡ. ಒಂದು ದಿನ ಸಮಯ ಕೇಳಿದೆ. ಖಾಲಿ ಬಿಡುವುದು ಯಾರ ರಕ್ಷಣೆಗೋ ಅವರನ್ನೇ ಕೇಳಿದರೆ ಹೇಗೆ ಎಂದು ನನಗೆ ಅನಿಸಿತ್ತು.

ಬಾಯಮ್ಮನನ್ನು ಕೇಳಿದ್ದು ಮರುದಿನ ಜಾಬ್ರಿಯಾದ ಆ ಕ್ಲಿನಿಕ್‌ನ ಚಹಾದ ಮೂಲೆಯಲ್ಲಿ. ಬೇರೆಯವರ ಸಂಬಳ ಹೇಳುವಂತಿಲ್ಲ, ಅಂತರ ಇದೆ ಎಂದು ಹೇಳಿದರೂ ಹೇಳಿದಂತೆಯೇ. ಹಾಗಾಗಿ ಸುತ್ತಿ ಬಳಸಿ, ಒಂದು ವರದಿ ತಯಾರಾಗುತ್ತಿದೆ, ಅದರಲ್ಲಿ ನಿಮ್ಮ ಗುಂಪಿನ ಅಂಕಿ ಬಂದರೆ ಅದು ನಿಮ್ಮದೆಂದು ಜನ ಊಹಿಸಬಹುದು, ನಿಮ್ಮ ಅಭ್ಯಂತರ ಇದೆಯೇ ಎಂದೆ.

ಅವರು ಪೇಪರ್ ಲೋಟವನ್ನು ಕೆಳಗಿಟ್ಟರು. "ಅಂದ್ರೆ ನಂದು ಕಡಿಮೆ ಉಂಟು."

ನಾನು ನನ್ನ ಲೋಟದ ಅಂಚನ್ನು ಮಡಚಿದೆ.

"ನೀನು ಸುಮ್ಮನೆ ಕೂತದ್ದೂ ಒಂದು ರೀಡಿಂಗೇ, ಗೊತ್ತುಂಟಾ" ಎಂದರು. ಲೋಟವನ್ನು ಮತ್ತೆ ಎತ್ತಿದರು. "ಬೇಡ. ಬರಿಬೇಡ. ಶುಕ್ರವಾರ ಇಗರ್ಜಿಯಲ್ಲಿ ಎಲ್ಲರೂ ನನ್ನನ್ನು ದೊಡ್ಡ ಟೆಕ್ನಿಷಿಯನ್ ಅಂತ ನೋಡ್ತಾರೆ. ಇಷ್ಟು ವರ್ಷ ಇದ್ದು, ಹೋಗುವಾಗ ನಾನು ಚೀಪಿಗೆ ದುಡಿದವಳು ಅಂತ ಗೊತ್ತಾಗ್ಬೇಕಾ?"

ನನಗೆ ಅದು ಅರ್ಥವಾಯಿತು. ಕಡಿಮೆ ಸಂಬಳದ ಅವಮಾನ ಕೊಟ್ಟವರಿಗೆ ಆಗಬೇಕಾದ್ದು, ಆದರೆ ಅದು ಪಡೆದವರ ಮನೆಯಲ್ಲಿಯೇ ಉಳಿದುಕೊಳ್ಳುತ್ತದೆ. ಅವರನ್ನು ಒತ್ತಾಯಿಸಲಿಲ್ಲ. ವಾಪಸ್ ಬರುವಾಗ ವ್ಯಾನಿನಲ್ಲಿ ಅವರು ಮುಂದಿನ ಸೀಟಿನಲ್ಲಿ ಕೂತು ಇಡೀ ದಾರಿ ಹೊರಗೆ ನೋಡುತ್ತಿದ್ದರು. ಖಾಲಿ ಪುಟ ಕಳಿಸುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಆದರೆ ಮರುದಿನ ಬೆಳಿಗ್ಗೆ ಮ್ಯಾನೇಜರೇ ನನ್ನನ್ನು ಕರೆದರು. ಹಾಳೆ ಅವರ ಮೇಜಿನ ಮೇಲೇ ಇತ್ತು, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳು. ಅವರು ಮಾಲಕರೊಡನೆ ಮಾತಾಡಿದ್ದರು. ಕೆಳಗಿನ ಮೂವರಿಗೆ ಈ ತಿಂಗಳಿಂದಲೇ ಒಂದು ವಿಶೇಷ ಭತ್ಯೆ ಕೊಡುವುದು. ಆ ಹೊಸ ಅಂಕಿಗಳಿಂದ ಲೆಕ್ಕ ಹಾಕಿ, ಅಂತರವಿಲ್ಲ ಎಂದು ನೆಟ್ಟಗೆ ಬರೆದು ಕಳಿಸುವುದು. ಖಾಲಿ ಬಿಟ್ಟರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ, ಹೀಗೆ ಮಾಡಿದರೆ ಎಲ್ಲರಿಗೂ ಒಳ್ಳೆಯದು ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ನನಗೂ ಒಂದು ಕ್ಷಣ ಸಂತೋಷವಾಯಿತು. ಹಾಳೆಯನ್ನು ಕೈಗೆ ತೆಗೆದುಕೊಂಡೆ. ಪೆನ್ಸಿಲ್‌ನ ಅಂಕಿಗಳ ಕೆಳಗೆ ಹಳೆಯ ಅಂಕಿಗಳನ್ನು ಅವರು ರಬ್ಬರಿನಿಂದ ಉಜ್ಜಿದ್ದರು. ಪೂರ್ತಿ ಹೋಗಿರಲಿಲ್ಲ.

"ಸರ್" ಎಂದೆ, "ಇದು ಆ್ಯಸ್ ಲೆಫ್ಟ್. ಆ್ಯಸ್ ಫೌಂಡ್ ಎಲ್ಲಿ?"

ಅವರಿಗೆ ಸಿಟ್ಟು ಬಂತು. ಒಳ್ಳೆಯದು ಮಾಡಲು ಹೊರಟರೆ ಅದರಲ್ಲೂ ತಪ್ಪು ಹುಡುಕುತ್ತೀಯಲ್ಲ, ಇದೇನು ಪಂಪಾ ಎಂದು ಕೇಳಿದರು. ನಾನು ಗಟ್ಟಿಯಾಗಿ ಮಾತಾಡುವವಳಲ್ಲ. ಇದ್ದುದನ್ನು ಬರೆಯದೆ ತಿದ್ದಿದ ಸರ್ಟಿಫಿಕೇಟಿಗೆ ಈವರೆಗೆ ನಾನು ಒಪ್ಪಿಗೆ ಹಾಕಿಲ್ಲ, ಹಾಕಬೇಡ ಎಂದು ಹೇಳಿಕೊಟ್ಟವರು ನೀವು, ಇದಕ್ಕೂ ಹಾಕಲಾರೆ ಎಂದು ಇದ್ದ ದನಿಯಲ್ಲೇ ಹೇಳಿದೆ. ಹೊರಗೆ ಕಳಿಸುವ ಪುಟ ಖಾಲಿ ಇರಲಿ, ಅದು ಅವರ ನಿಯಮ; ಆದರೆ ನಮ್ಮಲ್ಲಿ ಉಳಿಯುವ ಪ್ರತಿಯಲ್ಲಿ ಎರಡೂ ಕಾಲಂ ತುಂಬಿರಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಬಾಗಿದರೆ ಯಾವ ಕಡೆಗೆ ಬಾಗುತ್ತದೆ ಎಂದು ಯಾರಿಗೂ ತಿಳಿಯುವುದಿಲ್ಲ. ಭತ್ಯೆಯೂ ಯಾರದೋ ದೊಡ್ಡ ಮನಸ್ಸಿನಂತೆ ಕಾಣುತ್ತದೆ, ತಿದ್ದುಪಡಿಯಂತೆ ಅಲ್ಲ. ಬೇಕಾದರೆ ಈ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದೂ ಹೇಳಿದೆ. ಈ ದೇಶದಲ್ಲಿರಲು ಬೇಕಾದ ಪರವಾನಗಿ, ನನ್ನ ಇಕಾಮಾದ ನವೀಕರಣ ಅದೇ ಮೇಜಿನ ಮೇಲೆ ಅವರ ಸಹಿಗೆ ಕಾದಿತ್ತು.

ಬಾಗಿಲು ತಟ್ಟಿ ಬಾಯಮ್ಮ ಒಳಗೆ ಬಂದದ್ದು ಆಗ. ನಾನೇ ಕರೆಸಿದೆ ಎಂದು ಮ್ಯಾನೇಜರ್ ಭಾವಿಸಿ ನನ್ನ ಕಡೆ ನೋಡಿದರು. ನಾನು ಕರೆಸಿರಲಿಲ್ಲ.

"ನಿನ್ನೆ ಸಂಜೆ ಕಾರಲ್ಲಿ ಮನೆಗೆ ಬಿಡುವಾಗ ನಮ್ಮ ಹುಡುಗನನ್ನು ಕೇಳಿದೆ, ಜೋರ್ಡಾನಿನವನನ್ನು" ಎಂದರು, ಕೂರದೆ. "ಎಷ್ಟು ಸಿಗ್ತದೆ ನಿಂಗೆ ಅಂತ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳಿದ್ದಿಲ್ಲ. ಹೇಳಿದ. ಪಾಪ, ಹೇಳಿ ರೇಡಿಯೋ ಬಂದ್ ಮಾಡಿದ." ನನ್ನ ಕಡೆ ತಿರುಗಿ, "ನಂದು ಬರಿ. ಇಗರ್ಜಿಯವರು ಬೇಕಾದ್ರೆ ಬಂದು ಓದ್ಲಿ" ಎಂದರು.

ಮ್ಯಾನೇಜರ್ ಭತ್ಯೆಯ ವಿಷಯ ಹೇಳಿದರು. ಬಾಯಮ್ಮ ಕೇಳಿಸಿಕೊಂಡರು, ತಲೆಯಾಡಿಸಿದರು.

"ಸರ್, ಸಿಕ್ಕಿದಾಗ ಪಂಪ್ ಲಿಮಿಟ್ ದಾಟಿದ್ರೆ ನಾವು ಎಂತ ಮಾಡುದು?"

ಉತ್ತರ ಮ್ಯಾನೇಜರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ತಿದ್ದಿ ಸುಮ್ಮನಾಗುವಂತಿಲ್ಲ. ಆ ಪಂಪ್ ಕೊನೆಯ ಸಲ ಸರಿಯಾಗಿದ್ದ ದಿನದಿಂದ ಈಚೆಗೆ ಅದನ್ನು ಯಾರ್ಯಾರಿಗೆ ಹಾಕಿದ್ದಾರೋ ನೋಡಿ ಎಂದು ಆಸ್ಪತ್ರೆಗೆ ಬರೆದು ತಿಳಿಸಬೇಕು.

"ಹಿಂದಕ್ಕೆ ಹೋಗಿ ನೋಡ್ಬೇಕು ಅಂತ ನಂಗೆ ಕಲ್ಸಿದ್ದು ನೀವು" ಎಂದರು ಬಾಯಮ್ಮ. "ನಾನು ಹಿಂದಿನದ್ದು ಕೇಳುದಿಲ್ಲ. ಕೇಳಿದ್ರೆ ನೀವು ವರ್ಕ್‌ಶಾಪ್ ಮಾರ್ಬೇಕು. ಆದ್ರೆ ಭತ್ಯೆ ಬೇಡ ನಂಗೆ. ಬೇಸಿಕ್‌ಗೆ ಸೇರಿಸಿ."

ಭತ್ಯೆಯಾದರೆ ಉಳಿದ ಕೆಲವು ತಿಂಗಳಿಗೆ ಮಾತ್ರ. ಮೂಲ ಸಂಬಳಕ್ಕೆ ಸೇರಿದರೆ ಸೆಟ್ಲ್‌ಮೆಂಟಿನ ಲೆಕ್ಕದಲ್ಲಿ ಅವರ ಎಲ್ಲ ವರ್ಷಗಳೂ ಹೊಸ ಅಂಕಿಯಿಂದ ಗುಣಿಸಲ್ಪಡುತ್ತವೆ. ಹಿಂದಕ್ಕೆ ಹೋಗಲು ನಮ್ಮಲ್ಲಿದ್ದ ದಾರಿ ಅದೊಂದೇ, ಮತ್ತು ಅವರು ಅದನ್ನು ರಾತ್ರಿಯೆಲ್ಲ ಯೋಚಿಸಿ ಬಂದಿದ್ದರು.

"ಬಾಯಮ್ಮ, ನೀವು ಹೋಗುವವರು" ಎಂದರು ಮ್ಯಾನೇಜರ್. "ನಾಳೆ ಉಳಿದವರೆಲ್ಲ ನನ್ನ ಬಾಗಿಲಲ್ಲಿ ಸಾಲು ನಿಲ್ತಾರೆ."

"ನಿಲ್ಲಲಿ. ಬಾಗಿಲು ನಿಮ್ದು ಅಗಲವೇ ಉಂಟು."

ಮ್ಯಾನೇಜರ್ ನಗಲಿಲ್ಲ. ಕುರ್ಚಿಗೆ ಒರಗಿದರು. ಆಮೇಲೆ, ಯಾರಿಗೆಂದು ಹೇಳದೆ, ತಾವು ಬಂದ ವರ್ಷ ತಮ್ಮ ಪಕ್ಕದ ಮೇಜಿನವನಿಗೆ ತಮ್ಮ ಎರಡರಷ್ಟು ಸಂಬಳವಿತ್ತೆಂದೂ, ಅವನ ಪಂಪ್‌ಗಳನ್ನೂ ತಾವೇ ಮಾಡಿಕೊಡುತ್ತಿದ್ದರೆಂದೂ ತುಳುವಿನಲ್ಲಿ ಹೇಳಿದರು. ಅಂಥ ಮಾತನ್ನು ಅವರು ನನ್ನೆದುರು ತುಳುವಿನಲ್ಲಿ ಆಡಿದ್ದು ಅದೇ ಮೊದಲು. ಬಾಯಮ್ಮನಿಗೂ ಅರ್ಥವಾಯಿತು, ಕರಾವಳಿಯವರಿಗೆ ಅಷ್ಟು ತುಳು ಬರುತ್ತದೆ. ಮ್ಯಾನೇಜರ್ ಹಾಳೆಯನ್ನು ನನ್ನ ಕಡೆಗೆ ತಳ್ಳಿ, "ಎರಡು ಕಾಲಂ ಹಾಕು" ಎಂದರು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಬಾಯಮ್ಮನ ಮೂಲ ಸಂಬಳ ಅದೇ ಅಂಕ ಪಡೆದವರ ಮಟ್ಟಕ್ಕೆ ಬಂತು. ಇನ್ನಿಬ್ಬರದನ್ನು ಎರಡು ಕಂತಿನಲ್ಲಿ ಏರಿಸುವುದೆಂದಾಯಿತು. ಒಂದು ಕಂತು ಬಂದಿದೆ. ಆ ವರ್ಷ ಉಳಿದವರಿಗೆ ಏರಿಕೆ ಇರಲಿಲ್ಲ, ಅದರ ಬಿಸಿ ಊಟದ ಮೇಜಿನಲ್ಲಿ ನನಗೆ ತಟ್ಟಿತು. ನನ್ನ ಎದುರಿನ ಕಾಲಂ ಇನ್ನೂ ಖಾಲಿಯೇ ಇದೆ. ಇಕಾಮಾಕ್ಕೆ ಸಹಿ ಬಿತ್ತು. ವಿದೇಶಿ ಕಂಪನಿಗೆ, ಅವರ ನಿಯಮದಂತೆ, ಖಾಲಿ ಚೌಕಗಳ ಪುಟ ಹೋಯಿತು. ಜೊತೆಗೆ ನಾವು ಸಂಬಳ ನಿಗದಿ ಮಾಡುವ ಪದ್ಧತಿಯಲ್ಲಿ ಒಂದು ದೋಷ ಕಂಡುಕೊಂಡು ಬದಲಾಯಿಸಿದ್ದೇವೆ ಎಂದು ನಾನು ಒಂದು ಪ್ಯಾರಾ ಸೇರಿಸಿದ್ದೆ. ನಿಮ್ಮ ಪುಟ ಪರಿಪೂರ್ಣವಾಗಿದೆ ಎಂದು ಅಲ್ಲಿಂದ ಯಂತ್ರವೊಂದು ಉತ್ತರಿಸಿತು.

ಬಾಯಮ್ಮ ಹೊರಡುವ ಮೊದಲು ಅನಲೈಸರ್‌ಗೆ ಆರ್ಡರ್ ಕೊಟ್ಟರು. ಹೊಸದೇ. ಕ್ಯಾಟಲಾಗ್ ತಂದು ನನಗೆ ತೋರಿಸಿ, ಮುಂದಿನ ವರ್ಷ ಯಾವ ತಿಂಗಳು ಆ ಸಂಬಳದ ಹಾಳೆಯನ್ನು ಮತ್ತೆ ಅಳೆಯುತ್ತೀ ಎಂದು ವಿಚಾರಿಸಿದರು. ಪ್ರತಿ ಪಂಪ್‌ನ ಮೇಲೂ ಮುಂದಿನ ಪರೀಕ್ಷೆಯ ದಿನ ಬರೆದ ಸ್ಟಿಕ್ಕರ್ ಅಂಟಿಸುತ್ತೇವೆ. ಹಾಳೆಗೆ ಅಂಟಿಸಲು ನನಗೆ ಹೊಳೆದಿರಲಿಲ್ಲ. ಅವರ ಎದುರೇ ಅಂಟಿಸಿದೆ.

ಅವರ ಜಾಗಕ್ಕೆ ಸಂದರ್ಶನ ನಡೆದ ದಿನ ಮ್ಯಾನೇಜರ್ ನನ್ನನ್ನೂ ಕೂರಿಸಿಕೊಂಡರು. ಬಂದವಳು ಕೇರಳದ ಹುಡುಗಿ, ಊರಲ್ಲಿ ದುಡಿದು ಬಂದು ಜಾಬ್ರಿಯಾದ ಇನ್ನೊಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದವಳು. ನಾನು ಅವಳ ಮುಂದೆ ಒಂದು ಪಂಪ್ ಇಟ್ಟೆ. ಅವಳು ಮೊದಲು ಗುಳ್ಳೆ ನೋಡಿದಳು, ಆಮೇಲೆ ರೀಡಿಂಗ್ ಬರೆದುಕೊಂಡಳು, ಆಮೇಲಷ್ಟೇ ಸ್ಕ್ರೂಡ್ರೈವರ್ ಕೇಳಿದಳು. ಮ್ಯಾನೇಜರ್ ಮೆಚ್ಚಿದ್ದು ಗೊತ್ತಾಗುತ್ತಿತ್ತು. ಹಳೆಯ ಅಭ್ಯಾಸದಂತೆ ಮುಂದಕ್ಕೆ ಬಾಗಿ, "ಊರಲ್ಲಿ ಕೊನೆಗೆ..." ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಅಲ್ಲೇ ನಿಂತರು. ಮೇಜಿನ ಮೇಲಿನ ಪೆನ್ನನ್ನು ಎತ್ತಿ ಇನ್ನೊಂದು ಕಡೆ ಇಟ್ಟರು.

ಹುಡುಗಿಗೆ ಪ್ರಶ್ನೆ ಗೊತ್ತಿತ್ತು. ಫೈಲಿನಿಂದ ಊರಿನ ಹಳೆಯ ಸಂಬಳದ ಚೀಟಿಯನ್ನು ಅರ್ಧ ಹೊರಗೆ ಎಳೆದಾಗಿತ್ತು. ಮ್ಯಾನೇಜರ್ ಕೈ ಅಡ್ಡ ಹಿಡಿದು, ಅದು ಬೇಡ, ಒಳಗಿಡಿ ಎಂದರು.

ಅವಳ ಮುಖ ಇಳಿಯಿತು. ಇಲ್ಲಿ ಹಳೆಯ ಸಂಬಳ ಕೇಳಲಿಲ್ಲವೆಂದರೆ ಕೆಲಸ ಕೊಡುವುದಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ಚೀಟಿಯನ್ನು ಮಡಚಿ, ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, ಥ್ಯಾಂಕ್ಯೂ ಎಂದು ಏಳಲು ಹೊರಟಳು.

ಕೂರಿ ಎಂದೆ. ಆ ಕೆಲಸಕ್ಕೆ ನಮ್ಮಲ್ಲಿ ಸಂಬಳ ಎಷ್ಟು ಎಂದು, ಯಾರು ಮಾಡಿದರೂ ಅಷ್ಟೇ ಎಂದು ಹೇಳಿದೆ.

ಅವಳು ನನ್ನನ್ನೇ ನೋಡಿದಳು, ಆಮೇಲೆ ಮ್ಯಾನೇಜರನ್ನು ನೋಡಿದಳು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು.

ಇನ್ನೊಮ್ಮೆ ಹೇಳಿದೆ.